ಕಾವಲಿ ಬೆಳ್ಳಗಾದ ದಿನ

ಬೆಳಿಗ್ಗೆ ಎದ್ದು ಅಡುಗೆಮನೆಯ ದೀಪ ಹಾಕಿದ ಕೂಡಲೇ ನಾನು ಮೊದಲು ನೋಡುವುದು ದೋಸೆ ಹಿಟ್ಟಿನ ಪಾತ್ರೆಯನ್ನು. ಹಾಲು, ಡಿಕಾಕ್ಷನ್ ಎಲ್ಲ ಆಮೇಲೆ. ಹಿಟ್ಟು ಉಬ್ಬಿ ಮುಚ್ಚಳವನ್ನು ಒಂದಿಷ್ಟು ಎತ್ತಿದ್ದರೆ ಮನಸ್ಸಿಗೆ ಸಮಾಧಾನ. ಇಟ್ಟ ಹಾಗೆಯೇ ಮಲಗಿದ್ದರೆ ಯಾರೋ ನನ್ನ ಮೇಲೆ ಮುನಿಸಿಕೊಂಡಿದ್ದಾರೆ ಅನ್ನಿಸುತ್ತದೆ. ಆ ದಿನ ಹಿಟ್ಟು ಪಾತ್ರೆಯ ಅಂಚಿನವರೆಗೆ ಬಂದು, ಮೇಲೆಲ್ಲ ಸಣ್ಣ ಸಣ್ಣ ಕಣ್ಣು ಬಿಟ್ಟುಕೊಂಡು ಕೂತಿತ್ತು. ಶ್ರಾವಣದ ಥಂಡಿಗೆ ಹುಳಿ ಬರುತ್ತದೋ ಇಲ್ಲವೋ ಎಂದು ಹಿಂದಿನ ಸಂಜೆ ಪಾತ್ರೆಗೆ ಹಳೆಯ ಟರ್ಕಿ ಟವಲು ಸುತ್ತಿಟ್ಟಿದ್ದೆ.

ಹಾಲು ಕಾಯಿಸಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹೊಸ್ತಿಲು ತೊಳೆದು ರಂಗೋಲಿ ಎಳೆದು ಬಂದೆ. ಬೋಗಾದಿಯ ನಮ್ಮ ರಸ್ತೆಯಲ್ಲಿ ಬೆಳಗಾಗುವುದು ಎದುರು ಮಹಡಿಯ ಬಾಡಿಗೆ ಹುಡುಗರ ನೀರಿನ ಮೋಟರಿನ ಸದ್ದಿನಿಂದ. ಅದು ನಿಂತ ಸ್ವಲ್ಪ ಹೊತ್ತಿಗೆ ಮೂಲೆ ಸೈಟಿನಲ್ಲಿ ಕಾಂಕ್ರೀಟು ಕಲಸುವ ಯಂತ್ರ ಶುರುವಾಗುತ್ತದೆ. ಇವೆರಡರ ನಡುವೆ ಒಂದು ಬಿಡುವಿದೆ. ಆ ಬಿಡುವಿನಲ್ಲಿ ಪಕ್ಕದ ಮನೆಯಾಕೆ ದಾಸವಾಳ ಬಿಡಿಸುವಾಗ ಬಾಗಿಸಿದ ಕೊಂಬೆ ಕೈಬಿಟ್ಟು ಮೇಲಕ್ಕೆ ಹಾರುವ ಸದ್ದೂ ನನಗೆ ಕೇಳಿಸುತ್ತದೆ. ನನ್ನ ಗಂಡ ಆ ಹೊತ್ತಿಗೆ ವಾಕಿಂಗ್ ಹೋಗಿರುತ್ತಾರೆ. ಅವರು ಗೇಟು ತೆಗೆಯುವಷ್ಟರಲ್ಲಿ ಕಾವಲಿ ಕಾದಿರಬೇಕು ಎಂಬುದು ನಾನೇ ಮಾಡಿಕೊಂಡ ನೇಮ.

ಅಂದು ನಾಗರಪಂಚಮಿಯ ಮರುದಿನ. ಪಂಚಮಿಯಂದು ನಮ್ಮ ಮನೆಗಳಲ್ಲಿ ಒಲೆಯ ಮೇಲೆ ಕಾವಲಿ ಇಡುವುದಿಲ್ಲ. ಕಾದ ಕಾವಲಿಯ ಬಿಸಿ ನಾಗಪ್ಪನ ಹೆಡೆಗೆ ತಾಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಆ ದಿನ ದೋಸೆಯಿಲ್ಲ, ರೊಟ್ಟಿಯಿಲ್ಲ, ಕರಿಯುವ ಮಾತೇ ಇಲ್ಲ. ಹಬೆಯಲ್ಲಿ ಬೆಂದ ಕಡುಬು, ತಂಬಿಟ್ಟು, ಎಳ್ಳಿನ ಚಿಗಳಿ. ಮರುದಿನ ಮಾತ್ರ ಲಷ್ಕರ್ ಮೊಹಲ್ಲಾದ ನಮ್ಮ ಮನೆಯಲ್ಲಿ ದೋಸೆಯೇ ಆಗಬೇಕು. ರಜೆ ಮುಗಿಸಿ ಬಂದ ಕಾವಲಿಯ ದೋಸೆಗೆ ಬೇರೆಯೇ ರುಚಿ ಎಂದು ನಾವು ಮಕ್ಕಳು ನಂಬಿದ್ದೆವು. ನಾನು ಈಗಲೂ ನಂಬುತ್ತೇನೆ. ಹಿಂದಿನ ದಿನ ಅಕ್ಕಿ ಉದ್ದು ನೆನೆಹಾಕಿ, ಅಣ್ಣನ ಬೆನ್ನಿಗೆ ಹಾಲೆರೆಯಲು ತವರಿಗೆ ಹೋಗಿ, ಸಂಜೆ ಬಂದು ದೀಪ ಹಚ್ಚಿ, ಆಮೇಲೆ ರುಬ್ಬಿದ್ದು ಇದಕ್ಕಾಗಿಯೇ.

ಕಾವಲಿ ಇರುವುದು ಒಲೆಯ ಕಟ್ಟೆಯ ಕೆಳಗಿನ ಗೂಡಿನಲ್ಲಿ. ಕೈ ಹಾಕಿದೆ. ಸದಾ ಸುತ್ತಿಡುವ ಬಟ್ಟೆಯ ಬದಲು ಕಾಗದ ಸಿಕ್ಕಿತು. ಯಾರೋ ಅದನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ, ನಾಲ್ಕು ಮೂಲೆ ಮಡಿಸಿ, ಸೆಣಬಿನ ದಾರ ಕಟ್ಟಿದ್ದರು. ಅಷ್ಟು ಅಚ್ಚುಕಟ್ಟಾಗಿ ಗಂಟು ಹಾಕುವವರು ನಮ್ಮ ಮನೆಯಲ್ಲಿ ಒಬ್ಬರೇ. ಬಿಚ್ಚಿದೆ. ಒಳಗೆ ನಮ್ಮ ಕಾವಲಿ ಇರಲಿಲ್ಲ. ಬೆಳ್ಳಗೆ ಹೊಳೆಯುವ ದುಂಡನೆಯ ಲೋಹವೊಂದು ಇತ್ತು. ಕೈಗೆತ್ತಿಕೊಂಡಾಗ ತೂಕದಿಂದ ಗೊತ್ತಾಯಿತು, ಅದೇ ಎಂದು. ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದರೆ ಅದರಲ್ಲಿ ನನ್ನ ಮುಖ ಮಸುಕಾಗಿ ಕಂಡಿತು. ಅಮ್ಮನ ಕಾವಲಿಯಲ್ಲಿ ನಾನು ಎಂದೂ ನನ್ನ ಮುಖ ನೋಡಿರಲಿಲ್ಲ.

ನನ್ನವರು ಅಚ್ಚು, ಹತ್ಯಾರ ತಯಾರಿಸುವ ಟೂಲ್ ರೂಮಿನಲ್ಲಿ ಕೆಲಸ ಮಾಡಿದವರು. ಊರಾಚೆಯ ಕಾರ್ಖಾನೆಯೊಂದರಲ್ಲಿ ಸೇರಿ, ಅಲ್ಲೇ ತಲೆ ನರೆತು, ಕಳೆದ ಯುಗಾದಿಯ ಆಸುಪಾಸಿನಲ್ಲಿ ನಿವೃತ್ತರಾದರು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಿಂದ ತಡವಿ ಹೇಳುವ ಕೈ ಅವರದು. ಆ ಕೈಗೆ ಈಗ ಮನೆಯೇ ಸಿಕ್ಕಿತ್ತು. ಮೊದಲು ಬಾಗಿಲುಗಳ ತಿರುಗಣಿಗೆ ಎಣ್ಣೆ ಬಿಟ್ಟರು. ಆಮೇಲೆ ಸಾಂಬಾರ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಜೀರಿಗೆ ಹುಡುಕಲು ನನಗೆ ಒಂದು ವಾರ ಹಿಡಿಯಿತು. ಕುಕ್ಕರಿನ ವಿಷಲಿನ ತೂಕ ನೋಡಿದರು. ಈಳಿಗೆಮಣೆಯನ್ನು ಎಷ್ಟು ಹರಿತ ಮಾಡಿದರೆಂದರೆ ಹುರುಳಿಕಾಯಿ ಹೆಚ್ಚುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ನಾನು ಏನೂ ಅನ್ನುತ್ತಿರಲಿಲ್ಲ. ಮನೆಯಲ್ಲಿ ಅವರಿಗೆ ಒಂದು ಜಾಗ ಬೇಕಿತ್ತು, ಅದು ಯಾವುದೆಂದು ಅವರಿಗೂ ನನಗೂ ಗೊತ್ತಿರಲಿಲ್ಲ.

ಗೇಟಿನ ಸದ್ದಾಯಿತು. ಅವರು ಚಪ್ಪಲಿ ಬಿಟ್ಟು ನೇರ ಅಡುಗೆಮನೆಯ ಬಾಗಿಲಿಗೇ ಬಂದು ನಿಂತರು. ಹಣೆಯಲ್ಲಿ ಬೆವರಿತ್ತು, ಬೇಗ ಬೇಗ ನಡೆದು ಬಂದಿದ್ದರು.

"ನೋಡ್ದಾ?" ಎಂದರು. "ನಿನ್ನೆ ಅದಕ್ಕೆ ರಜ ಅಂದಿದ್ಯಲ್ಲ. ಶಟ್‌ಡೌನ್ ದಿನಾನೇ ಮೇಂಟೆನೆನ್ಸ್ ಮಾಡ್ಬೇಕು, ಬೇರೆ ದಿನ ಮಿಷಿನ್ ಎಲ್ಲಿ ಸಿಗತ್ತೆ? ಮೇಲೆಲ್ಲ ಗುಂಡಿ ಗುಂಡಿ ಇತ್ತು ಕಣೆ. ಈಗ ಸ್ಕೇಲ್ ಇಟ್ಟು ನೋಡು, ಒಂಚೂರು ಬೆಳಕು ತೂರಲ್ಲ."

ಕೇಳಿದ ಮೇಲೆ ಎಲ್ಲ ತಿಳಿಯಿತು. ನಾನು ತವರಿನಲ್ಲಿ ಚಿಗಳಿ ತಿನ್ನುತ್ತಿದ್ದಾಗ ಇವರು ಕಾವಲಿಯನ್ನು ಸ್ಕೂಟರಿನಲ್ಲಿಟ್ಟುಕೊಂಡು ಹಿನಕಲ್ ಕಡೆಗೆ ಹೋಗಿದ್ದಾರೆ. ಅಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಶೆಡ್ಡಿದೆ. ಅಲ್ಲಿನ ಗ್ರೈಂಡಿಂಗ್ ಮಿಷಿನ್ನಿಗೆ ಕೊಟ್ಟು, ಬೇರೆ ಯಾರಿಗೂ ಮುಟ್ಟಗೊಡದೆ, ತಾವೇ ನಿಂತು ಮೇಲ್ಮೈಯನ್ನೆಲ್ಲ ತೆಗೆದಿದ್ದಾರೆ. ಎಷ್ಟೋ ತಿಂಗಳ ನಂತರ ಮಿಷಿನ್ ಮುಂದೆ ನಿಂತದ್ದಂತೆ. ಅದನ್ನು ಹೇಳುವಾಗ ಅವರ ಮುಖ ಮದುವೆಯಾದ ಹೊಸತರಲ್ಲಿ ಸಂಬಳದ ದಿನ ಇರುತ್ತಿದ್ದ ಹಾಗಿತ್ತು.

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು, ಯಾರಾದರೂ ಪ್ರೀತಿಯಿಂದ ಏನಾದರೂ ಕೊಟ್ಟರೆ ಮೊದಲು ಒಳ್ಳೆಯ ಮಾತೊಂದನ್ನು ಹೇಳಬೇಕು, ಉಳಿದದ್ದೆಲ್ಲ ಆಮೇಲೆ. ನಾನು, ಚೆನ್ನಾಗಿ ಹೊಳೆಯುತ್ತಿದೆ ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ಕಾವಲಿ ಒಲೆಗಿಟ್ಟೆ. ಎಣ್ಣೆ ಸವರಿದೆ. ಎಣ್ಣೆ ನಿಲ್ಲದೆ ಹನಿಹನಿಯಾಗಿ ಅಂಚಿಗೆ ಓಡಿತು. ಹಿಟ್ಟು ಹೊಯ್ದು ಸೌಟು ತಿರುಗಿಸಿದರೆ ಹಿಟ್ಟು ಸೌಟಿನ ಹಿಂದೆಯೇ ಸುತ್ತಿಕೊಂಡು ಬಂತು. ಬೆಂದಿತೆಂದು ಮೊಗಚುವ ಕೈ ಹಾಕಿದರೆ ಅಂಚೂ ಏಳಲಿಲ್ಲ. ಕೆರೆದೆ. ದೋಸೆ ಪುಡಿಪುಡಿಯಾಗಿ ಬಂತು, ಕೆಳಗಿನ ಅರ್ಧ ಕಬ್ಬಿಣಕ್ಕೇ ಅಂಟಿಕೊಂಡಿತು. ಬೆಂಕಿ ಜಾಸ್ತಿ ಆಯ್ತೇನೋ ಎಂದರು. ಕಡಿಮೆ ಮಾಡಿ ಇನ್ನೊಂದು ಹೊಯ್ದೆ. ಅದೂ ಅಷ್ಟೇ. ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಗ ನನಗೆ ತಡೆಯಲಾಗಲಿಲ್ಲ. ಗ್ಯಾಸು ಆರಿಸಿ, ಬೆನ್ನು ಅವರ ಕಡೆಗೇ ಇದ್ದ ಹಾಗೆ, "ಆ ಕಪ್ಪು ಕೊಳೆ ಅಲ್ಲ ಕಣ್ರೀ. ಅದು ಅಮ್ಮನ ಕೈ" ಎಂದೆ.

ಅವರು ಬಾಗಿಲಿನಿಂದ ಸರಿದರು. ನಡುಮನೆಯಲ್ಲಿ ಕುರ್ಚಿ ಎಳೆದ ಸದ್ದು ಕೇಳಿಸಿತು. ಕೂತ ಸದ್ದು ಕೇಳಿಸಲಿಲ್ಲ.

ಆ ಕಾವಲಿ ನಮ್ಮ ಮನೆಗೆ ಬಂದ ದಿನ ನನಗೆ ನೆನಪಿದೆ. ಆಗ ನಾನು ಇನ್ನೂ ಎರಡು ಜಡೆಗೆ ನೀಲಿ ರಿಬ್ಬನ್ನು ಕಟ್ಟಿಸಿಕೊಳ್ಳುತ್ತಿದ್ದ ವಯಸ್ಸು. ಹಳೆಯದು ಕೈಜಾರಿ ಕಲ್ಲುಚಪ್ಪಡಿಯ ಮೇಲೆ ಬಿದ್ದು ಎರಡು ಹೋಳಾಗಿತ್ತು. ಎರಕದ ಕಬ್ಬಿಣ ಬಗ್ಗುವುದಿಲ್ಲ, ಒಡೆಯುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಶನಿವಾರ ಮನೆಗೆ ಕಬ್ಬಿಣ ತರಬಾರದೆಂದು ಅಮ್ಮ ಶುಕ್ರವಾರ ಸಂಜೆಯೇ ನನ್ನ ಕೈ ಹಿಡಿದುಕೊಂಡು ನಮ್ಮ ಹಿಂದಿನ ಬೀದಿಯ ಕಬ್ಬಿಣದ ಅಂಗಡಿಗೆ ಹೊರಟಳು. ಅಂಗಡಿಯ ಸಾಬರು ಒಂದರ ಮೇಲೊಂದು ಪೇರಿಸಿದ ಕಾವಲಿಗಳನ್ನು ಇಳಿಸಿ ಇಳಿಸಿ ಕೊಟ್ಟರು. ಅಮ್ಮ ಪ್ರತಿಯೊಂದನ್ನೂ ಹಿಡಿಯಿಂದ ತೂಗಿ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೆ ಹತ್ತಿರ ತಂದು ಕೇಳುತ್ತಿದ್ದಳು. ಸಾಬರು ನಗುತ್ತ, "ತಬಲಾ ತಗೊಳಾಕ್ ಬಂದ್ರಾ ಅಮ್ಮಾ, ಕಾವ್ಲಿ ತಗೊಳಾಕ್ ಬಂದ್ರಾ?" ಎಂದರು. ಅಮ್ಮ ತಲೆ ಎತ್ತದೆ, "ಎರಡೂ ಒಂದೇ ಬುಡಿ, ಒಡ್ಕು ಇದ್ರೆ ಎರಡ್ರಲ್ಲೂ ಗೊತ್ತಾಯ್ತದೆ" ಎಂದಳು. ಕೊನೆಗೆ ದೇವಸ್ಥಾನದ ಗಂಟೆಯ ಹಾಗೆ ಉದ್ದಕ್ಕೆ ಅನುರಣಿಸಿದ ಒಂದನ್ನು ಆರಿಸಿದಳು.

ಹೊಸ ಕಾವಲಿ ಕಪ್ಪಗಿರಲಿಲ್ಲ. ಬೂದುಬಣ್ಣ, ಮೈಯೆಲ್ಲ ಮರಳುಮರಳು. ಅಮ್ಮ ಅದನ್ನು ಅಕ್ಕಿ ತೊಳೆದ ಕಲಗಚ್ಚಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟಳು. ದಿನವೂ ಸ್ಕೂಲಿನಿಂದ ಬಂದು ನಾನು ಬಕೆಟ್ಟಿಗೆ ಕೈ ಹಾಕಿ ಮುಟ್ಟಿ ನೋಡುತ್ತಿದ್ದೆ, ಒಳಗೆ ಏನೋ ಸಾಕಿದ್ದೇವೆ ಅನ್ನುವ ಹಾಗೆ. ಆಮೇಲೆ ತೆಗೆದು ತೆಂಗಿನ ನಾರು, ಕಲ್ಲುಪ್ಪು ಹಾಕಿ ಉಜ್ಜಿದಳು. ಒಲೆಯ ಮೇಲಿಟ್ಟು ನೀರಿನ ಕೊನೆಯ ಹನಿಯನ್ನೂ ಒಣಗಿಸಿದಳು. ಹರಳೆಣ್ಣೆಯಲ್ಲಿ ಬಟ್ಟೆ ಅದ್ದಿ, ಹಿಂಡಿ, ಸವರಿ, ಮತ್ತೆ ಒಣಬಟ್ಟೆಯಿಂದ ಎಲ್ಲವನ್ನೂ ಒರೆಸಿಬಿಟ್ಟಳು. ಸವರಿದ ಮೇಲೆ ಒರೆಸುವುದು ಯಾಕೆ ಎಂದು ನಾನು ಕೇಳಿದೆ. ಹಾಕಿದ್ದೆಲ್ಲ ಮೈಗೆ ಹತ್ತಲ್ಲ, ಉಳಿದದ್ದು ಹತ್ತತ್ತೆ ಎಂಬ ಅರ್ಥ ಬರುವ ಹಾಗೆ ಏನೋ ಹೇಳಿದಳು. ಹೊಗೆ ಬರುವವರೆಗೆ ಕಾಯಿಸಿ, ಆರಿಸಿ, ಮತ್ತೆ ಎಣ್ಣೆ. ಹೀಗೆ ಎಷ್ಟೋ ಸಲ. ಅರ್ಧ ಈರುಳ್ಳಿಯನ್ನು ಹಳೆಯ ಕೊಡೆಯ ಕಡ್ಡಿಗೆ ಚುಚ್ಚಿ ಅದನ್ನೇ ಎಣ್ಣೆಬಟ್ಟೆ ಮಾಡಿಕೊಂಡಳು. ಆ ಕೊಡೆ ಕಡ್ಡಿ ಆಮೇಲೂ ನಮ್ಮ ಒಲೆಯ ಪಕ್ಕ ಗೋಡೆಗೆ ನೇತಾಡುತ್ತಿತ್ತು.

ನಮಗೆ ಸ್ಕೂಲಿನಲ್ಲಿ ಗೃಹವಿಜ್ಞಾನ ಎಂಬ ವಿಷಯವಿತ್ತು. ಲೋಹದ ಪಾತ್ರೆಗಳನ್ನು ಶುಚಿಗೊಳಿಸುವ ಬಗೆ ಎಂಬ ಪಾಠದಲ್ಲಿ ಕಬ್ಬಿಣದ ಪಾತ್ರೆಯನ್ನು ಸೋಡಾ ಮತ್ತು ಇಟ್ಟಿಗೆ ಪುಡಿಯಿಂದ ಹೊಳೆಯುವವರೆಗೆ ತಿಕ್ಕಬೇಕು ಎಂದಿತ್ತು. ನಾನು ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಸಿಸ್ಟರ್ ಕೈಯಿಂದ ವೆರಿ ಗುಡ್ ಹಾಕಿಸಿಕೊಂಡು ಬಂದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ದೋಸೆ ಮೊಗಚುತ್ತ ಕೇಳಿಸಿಕೊಂಡಳು. "ನಿಮ್ ಸಿಸ್ಟರಮ್ಮ ದೋಸೆ ತಿಂದಿಲ್ಲ ಕಣೆ, ಪಾಪ. ತಿಂದಿದ್ರೆ ಹಿಂಗ್ ಬರಸ್ತಿರ್ಲಿಲ್ಲ" ಎಂದಳು. ಮುಂದಿನ ಹಬ್ಬಕ್ಕೆ ಒಂದು ಡಬ್ಬದಲ್ಲಿ ಬೆಣ್ಣೆ ಹಾಕಿದ ದೋಸೆಗಳನ್ನು ಸಿಸ್ಟರಿಗೆಂದು ಕಳಿಸಿದಳು. ಡಬ್ಬ ತೊಳೆದು, ಒಳಗೆ ಒಂದು ಪುಟ್ಟ ಕ್ರೋಶಾ ಕರವಸ್ತ್ರ ಇಟ್ಟು ಸಿಸ್ಟರ್ ವಾಪಸ್ಸು ಕಳಿಸಿದ್ದರು.

ನಾನು ಬೇರೆ ಸಂಸಾರ ಹೂಡಿದಾಗ ಅಮ್ಮ ಆ ಕಾವಲಿಯನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಸಿಟಿ ಬಸ್ಸಿನಲ್ಲಿ ಬಂದಳು. ಚೀಲದ ಹಿಡಿ ಕೈಯಲ್ಲಿ ಕೆಂಪು ಗೆರೆ ಮೂಡಿಸಿತ್ತು. ಹೊಸದು ಕೊಡಿಸಬಹುದಿತ್ತಲ್ಲ ಎಂದರೆ, ಹೊಸದನ್ನು ಪಳಗಿಸುವಷ್ಟರಲ್ಲಿ ನಿನ್ನ ಗಂಡ ಹಸಿದು ಹೋಟೆಲ್ಲಿಗೆ ನಡೀತಾನೆ ಎಂದು ನಕ್ಕಳು. ಹೊರಡುವಾಗ ಬಾಗಿಲಲ್ಲಿ ನಿಂತು, "ತೊಳಿಬ್ಯಾಡ, ಒರ್ಸು. ಚಪಾತಿ ಗಿಪಾತಿ ಇದ್ರ ಮೇಲೆ ಮಾಡ್ಬುಟ್ಟೀಯ, ಹುಷಾರು" ಎಂದದ್ದು ಅವಳು ನನ್ನ ಸಂಸಾರಕ್ಕೆ ಕೊಟ್ಟ ಒಂದೇ ಉಪದೇಶ. ಚಪಾತಿಗೆ ನಾನು ಬೇರೆ ಕಾವಲಿ ಇಟ್ಟೆ. ಅಮ್ಮನದರ ಮೇಲೆ ದೋಸೆ ಮಾತ್ರ. ಅಮ್ಮ ತೀರಿಕೊಂಡ ಮೇಲೆ ಸೂತಕದ ದಿನಗಳಲ್ಲಿ ಕಾವಲಿ ಇಡದೆ, ಮತ್ತೆ ಮೊದಲ ಸಲ ಒಲೆಗಿಟ್ಟಾಗ, ಕಾದ ಕಬ್ಬಿಣದಿಂದ ಲಷ್ಕರ್ ಮೊಹಲ್ಲಾದ ಅಡುಗೆಮನೆಯ ವಾಸನೆಯೇ ಎದ್ದು ಬಂತು. ಅವಳ ಸೀರೆ, ಫೋಟೊ, ಮೂಗುತಿ ಎಲ್ಲ ಅವರವರಿಗೆ ಹಂಚಿಹೋಗಿದ್ದವು. ನನಗೆ ಆ ವಾಸನೆ ಸಾಕಾಗಿತ್ತು.

ಈಗ ಅದೇ ಹೋಗಿತ್ತು. ಆ ಕಬ್ಬಿಣದ ಮೇಲೆ ಮತ್ತೆ ದೋಸೆ ಏಳುತ್ತದೋ ಇಲ್ಲವೋ ಎಂಬುದೊಂದೇ ಆ ದಿನದ ಪ್ರಶ್ನೆಯಾಗಿ ನನ್ನೆದುರು ಕೂತಿತ್ತು. ಏಳದಿದ್ದರೆ ಅದು ಗೋಡೆಗೆ ತೂಗುಹಾಕುವ ವಸ್ತುವಾಗುತ್ತದೆ, ಮತ್ತು ಆ ಗೋಡೆಯನ್ನು ನಾವಿಬ್ಬರೂ ದಿನಾ ನೋಡಬೇಕಾಗುತ್ತದೆ.

ತಿಂಡಿಗೆ ಅವಲಕ್ಕಿ ಕಲಸಿದೆ. ಅವರು ತಲೆ ತಗ್ಗಿಸಿಕೊಂಡು ತಿಂದರು, ತಟ್ಟೆ ತಾವೇ ತೊಳೆದಿಟ್ಟರು. ನಾನು ಕಾವಲಿಯನ್ನು ಹಿತ್ತಲಿಗೆ ಒಯ್ದು, ಅಂಟಿದ್ದ ಹಿಟ್ಟನ್ನು ನಾರು ಉಪ್ಪಿನಿಂದ ಉಜ್ಜಿ ತೊಳೆದೆ. ಬಟ್ಟೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಬೆಳ್ಳಗಿನ ಮೈಮೇಲೆ ಕಿತ್ತಳೆ ಬಣ್ಣದ ಪುಡಿ ಕೂತಿತ್ತು. ಶ್ರಾವಣದ ಗಾಳಿ, ಬರಿಮೈ ಕಬ್ಬಿಣ. ನೋಡುತ್ತ ನಿಂತಿದ್ದಾಗ ಹಿಂದಿನಿಂದ ಅವರ ಕೈ ಬಂದು ಕಾವಲಿಯನ್ನು ತೆಗೆದುಕೊಂಡಿತು.

"ಮೊದ್ಲು ಒಣಗಿಸ್ಬೇಕು ಇದ್ನ" ಎಂದರು. ನಾನು ಹೌದೆಂದೆ. ಆಮೇಲೆ ಏನು ಮಾಡುತ್ತಾರೆ ಎಂದು ಕೇಳಿದರು. ಅವರು ಅಡುಗೆಯ ವಿಷಯದಲ್ಲಿ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಯಾವತ್ತೂ ಹೇಳಿಯೇ ಅಭ್ಯಾಸ. ಅಮ್ಮ ಮಾಡಿದ್ದನ್ನು ನಾನು ಹೇಳುತ್ತ ಹೋದೆ. ಎಣ್ಣೆ ಸುಟ್ಟು ಸುಟ್ಟು ಪದರ ಕಟ್ಟುತ್ತದೆ, ಆ ಪದರವೇ ಕಪ್ಪು, ಅದು ಕಬ್ಬಿಣದ ಚರ್ಮ ಇದ್ದ ಹಾಗೆ ಎಂದೆ. ಅವರು ಕೇಳುತ್ತ ಕೇಳುತ್ತ ಹಣೆಗೆ ಕೈ ಇಟ್ಟುಕೊಂಡರು. ಕಾರ್ಖಾನೆಯಲ್ಲಿ ಕೆಲವು ಬಿಡಿಭಾಗಗಳನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಕಪ್ಪಾಗಿಸುತ್ತಿದ್ದರಂತೆ, ತುಕ್ಕು ಹಿಡಿಯದಿರಲೆಂದು. ತಾವೇ ಎಷ್ಟೋ ಅದ್ದಿದ್ದಾರಂತೆ. "ಬ್ಲ್ಯಾಕನಿಂಗ್ ಕಣೆ ಇದು. ನಿಮ್ಮಮ್ಮ ಮನೇಲೇ ಮಾಡ್ತಿದ್ರು. ನಾನ್ ಅದನ್ನ ಗ್ರೈಂಡಿಂಗ್ ಕಲ್ಲು ಹಾಕಿ ತೆಗ್ದ್ಬುಟ್ಟೆ" ಎಂದರು. ಆ ಕೊನೆಯ ಮಾತನ್ನು ಅವರು ಕಾವಲಿಗೇ ಹೇಳಿದಂತಿತ್ತು.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಕಾವಲಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು. ಇಷ್ಟು ನುಣುಪಾದರೆ ಎಣ್ಣೆ ಹಿಡಿದುಕೊಳ್ಳಲು ಜಾಗವೇ ಇಲ್ಲ ಎಂದರು. ಟೂಲ್ ಬಾಕ್ಸಿನಿಂದ ಒರಟು ಎಮೆರಿ ಕಾಗದ ತಂದು, ಹಿತ್ತಲ ಮೆಟ್ಟಿಲ ಮೇಲೆ ಕೂತು, ಮೊಣಕಾಲ ನಡುವೆ ಕಾವಲಿ ಇಟ್ಟುಕೊಂಡು, ಹಿಂದಿನ ದಿನ ತಾವೇ ತಂದಿದ್ದ ಆ ಹೊಳಪನ್ನು ಉಜ್ಜಿ ಉಜ್ಜಿ ಕೆಡಿಸತೊಡಗಿದರು. ನಡುವಿನಿಂದ ಶುರುಮಾಡಿ ಹೊರಕ್ಕೆ ಸುತ್ತು ಸುತ್ತಾಗಿ. ಅವರಿಗೆ ಗೊತ್ತಿತ್ತೋ ಇಲ್ಲವೋ, ಕೈ ದೋಸೆ ಹೊಯ್ಯುವ ದಾರಿಯಲ್ಲೇ ಹೋಗುತ್ತಿತ್ತು. ಜೀವಮಾನವೆಲ್ಲ ಒರಟನ್ನು ನುಣುಪು ಮಾಡಿದ ಕೈ. ನಾನು ಪಕ್ಕದಲ್ಲಿ ಕೂತು ಹರಳೆಣ್ಣೆ ಸವರಲು ಹಳೆಯ ಬನಿಯನ್ ಹರಿದೆ.

ಅವರು ಒಳಗೆ ಒಲೆಯ ಮುಂದಿದ್ದರು, ಹಿತ್ತಲಲ್ಲಿ ನಾನೊಬ್ಬಳೇ. ಅಡುಗೆಮನೆಯ ಕಿಟಕಿಯಿಂದ ಮೊದಲ ಸುತ್ತಿನ ಹೊಗೆ ಎದ್ದಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ಕಾಣಿಸಿಕೊಂಡರು. ಅವರ ಮಾವನವರು ಅರಮನೆಯ ಕಚೇರಿಯಲ್ಲಿ ಇದ್ದವರು. ಯಾವ ಮಾತಾದರೂ ಒಂದು ಸುತ್ತು ಅಲ್ಲಿಗೆ ಹೋಗಿಯೇ ಬರುತ್ತದೆ. "ನಮ್ಮ ಒಣಹಾಕಿದ ಬಟ್ಟೆಗೆಲ್ಲ ಹರಳೆಣ್ಣೆ ವಾಸನೆ ಹತ್ತತ್ತೆ ಅಂತಲ್ಲ, ಸುಮ್ನೆ ಕೇಳ್ದೆ ಕಣ್ರೀ" ಎಂದರು. ನಾನು ವಿಷಯ ಹೇಳಿದೆ, ಯಾರು ಮಾಡಿದ್ದು ಅನ್ನುವುದನ್ನು ಬಿಟ್ಟು. ಈರುಳ್ಳಿಯಿಂದ ಸವರಲು ಹೊರಟಿದ್ದೆನೆಂದು ತಿಳಿದು, ಶ್ರಾವಣದಲ್ಲಿ ಈರುಳ್ಳಿಯೇ ಎಂದು ಹುಬ್ಬೇರಿಸಿದರು. ತಮ್ಮ ಅತ್ತೆ ಎಂದೂ ಈರುಳ್ಳಿ ಮುಟ್ಟಿದವರಲ್ಲ, ಬದನೆಕಾಯಿಯ ತೊಟ್ಟಿನಲ್ಲೇ ಕಾವಲಿಗೆ ಎಣ್ಣೆ ಸವರುತ್ತಿದ್ದರು, ಅರಮನೆಯಿಂದ ಬಂದವರೂ ಆ ದೋಸೆ ತಿಂದು ಹೊಗಳಿ ಹೋಗಿದ್ದರು ಎಂದರು. ಹೇಳಿ ಸುಮ್ಮನೆ ಹೋಗಲಿಲ್ಲ. ಒಳಗಿನಿಂದ ಈರನಗೆರೆ ಬದನೆಕಾಯಿಯ ಎರಡು ತೊಟ್ಟುಗಳನ್ನು, ಹಸಿರು ಟೋಪಿಯ ಸಮೇತ ತಂದು, ಗೋಡೆಯ ಮೇಲಿಟ್ಟು ಹೋದರು. ಹಿಡಿಯಲು ಅದಕ್ಕಿಂತ ಒಳ್ಳೆಯ ಹಿಡಿಕೆ ಇಲ್ಲ ಎಂದು ಅವತ್ತು ಕಲಿತೆ. ಎಣ್ಣೆಯನ್ನು ಕುಡಿಯುವುದೂ ಇಲ್ಲ, ಸುರಿಯುವುದೂ ಇಲ್ಲ.

ಮಧ್ಯಾಹ್ನವೆಲ್ಲ ಅದೇ ಆಯಿತು. ಸವರುವುದು, ಒರೆಸುವುದು, ಹೊಗೆ ನಿಲ್ಲುವವರೆಗೆ ಕಾಯಿಸುವುದು, ಆರಲು ಬಿಡುವುದು. ಅವರು ಕನ್ನಡಕ ಹಾಕಿಕೊಂಡು ಬಣ್ಣ ನೋಡುತ್ತಿದ್ದರು. ಮೊದಲು ಒಣಹುಲ್ಲಿನ ಬಣ್ಣ ಬಂತು. ಮುಂದಿನ ಸಲ ಜೇನಿನ ಬಣ್ಣ. ಆಮೇಲೆ ಅಂಚಿನಲ್ಲಿ ನೇರಳೆ ಛಾಯೆ. ಒಂದು ಕಡೆ ಎಣ್ಣೆ ದಪ್ಪವಾಗಿ ನಿಂತು ಜಿಗುಟಾಯಿತು. ಅವರು ಅಷ್ಟನ್ನು ಉಜ್ಜಿ ತೆಗೆದು ಮತ್ತೆ ಶುರುಮಾಡಿದರು. ಹೆಚ್ಚು ಹಾಕಬಾರದು, ಹಾಕಿದ್ದನ್ನೆಲ್ಲ ಒರೆಸಬೇಕು ಎಂದೆ. ಒರೆಸಿದ ಮೇಲೆ ಏನು ಉಳಿಯುತ್ತದೆ ಎಂದು ಕೇಳಿದರು. ನನಗೆ ನಗು ಬಂತು. ಅಮ್ಮನ ಮಾತನ್ನು ಹೇಳಿದೆ. ಅವರು ಕನ್ನಡಕ ಮೇಲೇರಿಸಿಕೊಂಡು, ಸರಿಯಾದ ಮಾತು ಎಂದರು, ಯಾವುದೋ ಡ್ರಾಯಿಂಗನ್ನು ಪಾಸು ಮಾಡುವವರ ಹಾಗೆ.

ಈ ಸಲ ನಾನು ಕೆಲಸ ಮಾಡುವುದಕ್ಕಿಂತ ಅವರನ್ನು ನೋಡಿದ್ದೇ ಹೆಚ್ಚು. ಅವರ ಉಗುರಿನ ಸಂದಿಯಲ್ಲಿ ಮತ್ತೆ ಕಪ್ಪು ಕೂತಿತ್ತು. ಮದುವೆಯಾದ ಮೇಲೆ ಎಷ್ಟೋ ವರ್ಷ ನಾನು ಆ ಉಗುರುಗಳಿಗೆ ನಿಂಬೆಹೋಳು ತಂದು ಕೊಡುತ್ತಿದ್ದೆ. ನಿವೃತ್ತಿಯ ನಂತರ ಅವು ಅರ್ಚಕರ ಉಗುರಿನಂತೆ ಶುಭ್ರವಾಗಿದ್ದವು. ಆ ಶುಭ್ರತೆ ನನಗೆ ಒಗ್ಗಿರಲಿಲ್ಲ ಎಂದು ಅವತ್ತು ಗೊತ್ತಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಕಾವಲಿ ಕಂದಾಗಿತ್ತು. ಕಪ್ಪಲ್ಲ, ಗಾಢವಾದ ಕಂದು, ಹಳೆಯ ಬೀಟೆ ಮರದ ಹಾಗೆ. ಹಿಟ್ಟು ಹುಳಿಯೇರಿ ಕಾಯುತ್ತಲೇ ಇತ್ತು. ಹೊಸ ಕಾವಲಿಯ ಮೊದಲ ದೋಸೆ ಮನುಷ್ಯರಿಗಲ್ಲ ಎಂದು ಅಮ್ಮನ ಮನೆಯಲ್ಲಿ ಕಾಗೆಗೆ ಹಾಕುತ್ತಿದ್ದರು. ಹಾಗೆಯೇ ಹೊಯ್ದೆ. ಅದು ಅಂಟಿತು, ಆದರೆ ಬೆಳಿಗ್ಗೆಯಂತಲ್ಲ. ಕೆರೆದರೆ ದೊಡ್ಡ ದೊಡ್ಡ ಚೂರಾಗಿ ಬಂತು. ಕಾಗೆಗಳಿಗೆ ಗೋಡೆಯ ಮೇಲಿಟ್ಟೆ. ತೊಟ್ಟಿನಿಂದ ಮತ್ತೆ ಎಣ್ಣೆ ಸವರಿದೆ. ಎರಡನೆಯದು ನಡುವೆ ಹರಿಯಿತು. ಅವರು ಬಗ್ಗಿ ಕಾವಲಿಯ ಮೈ ನೋಡಿದರು. ಮತ್ತೊಂದು ಹೊಯ್ದೆ. ಈ ಸಲ ಹಿಟ್ಟು ಬಿದ್ದಾಗ ಸದ್ದು ಬೇರೆಯಾಗಿತ್ತು. ಬೆಂದಾಗ ಅಂಚು ತಾನಾಗಿಯೇ ಒಂದು ಕೂದಲೆಳೆ ಮೇಲೆದ್ದು ನಿಂತಿತು. ಕೈ ಹಾಕಿದೆ. ಇಡಿಯಾಗಿ ಬಂತು. ಬಣ್ಣ ಪೇಲವ, ಒಂದು ಕಡೆ ಹೆಚ್ಚು ಬೆಂದು ಒಂದು ಕಡೆ ಕಡಿಮೆ, ಆದರೆ ಒಂದು ತೂತೂ ಇಲ್ಲದ ದೋಸೆ.

ಅವರು ತಟ್ಟೆಯೂ ತೆಗೆದುಕೊಳ್ಳದೆ ಕೈಯಲ್ಲೇ ಹಿಡಿದು, ಬಿಸಿಗೆ ಈ ಕೈಯಿಂದ ಆ ಕೈಗೆ ಮಾಡಿಕೊಳ್ಳುತ್ತ ತಿಂದರು. ಅರ್ಧ ಮುರಿದು ನನ್ನ ಬಾಯಿಗಿಟ್ಟರು. ಹರಳೆಣ್ಣೆಯ ಒಂದು ಸಣ್ಣ ಒಗರು ಇನ್ನೂ ಇತ್ತು.

"ನಿಮ್ಮಮ್ಮನ ದೋಸೆ ಥರ ಇಲ್ಲ, ಅಲ್ವಾ?" ಎಂದರು.

"ಇಲ್ಲ" ಎಂದೆ. "ಆಗತ್ತೆ. ದಿನಾ ಹುಯ್ಯಬೇಕು ಅಷ್ಟೆ."

ಹಾಗಾದರೆ ನಾನು ಹುಯ್ತೀನಿ ಎಂದು ಸೌಟು ಕಿತ್ತುಕೊಂಡರು. ಅವರ ಮೊದಲ ದೋಸೆ ದುಂಡಗಾಗಲಿಲ್ಲ. ಯಾವುದೋ ದೇಶದ ನಕಾಶೆಯಂತಾಯಿತು. ಆದರೂ ಎದ್ದು ಬಂತು. ಎರಡನೆಯದಕ್ಕೆ ನಡುವಿನಿಂದ ಹೊರಕ್ಕೆ ಸುತ್ತುವುದನ್ನು ನಾನು ಕೈ ಹಿಡಿದು ತೋರಿಸಿದೆ. ಅವರ ಕೈ ನಾನು ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಹಿಟ್ಟು ಮುಗಿಯುವವರೆಗೆ ಅವರೇ ಹೊಯ್ದರು. ನಾನು ಕಟ್ಟೆಗೆ ಒರಗಿ ನಿಂತು ತಿಂದೆ. ಬಿಸಿ ದೋಸೆಯನ್ನು ಯಾರೋ ಹೊಯ್ದು ಕೊಟ್ಟು, ನಾನು ನಿಂತು ತಿಂದು ಎಷ್ಟು ವರ್ಷಗಳಾದವೋ. ಅಮ್ಮನ ಒಲೆಯ ಮುಂದೆ, ಸ್ಕೂಲಿಗೆ ಹೊತ್ತಾಯಿತೆಂದು, ರಿಬ್ಬನ್ನು ಕಟ್ಟಿಸಿಕೊಳ್ಳುತ್ತ ತಿಂದದ್ದೇ ಕೊನೆಯಿರಬೇಕು.

ಕತ್ತಲಾಗುವ ಮೊದಲು ಮತ್ತೊಂದು ಸುತ್ತು ಎಣ್ಣೆ ಕಾಯಿಸುತ್ತೇನೆಂದು ಅವರು ಒಳಗೇ ಉಳಿದರು. ಬೆಂಕಿ ಸಣ್ಣದು ಮಾಡಿ, ಸ್ಟೂಲು ಎಳೆದುಕೊಂಡು, ಕಾವಲಿಯ ಎದುರೇ ಕೂತರು. ನಾನು ಹೊರಗೆ ಒಣಹಾಕಿದ್ದ ಬಟ್ಟೆ ತೆಗೆಯಲು ಹೋದೆ. ಬಟ್ಟೆಗಳು ಶ್ರಾವಣದಲ್ಲಿ ಇರುವ ಹಾಗೆ ಒಣಗಿಯೂ ಒಣಗದ ಹಾಗಿದ್ದವು. ಪಕ್ಕದ ಮನೆಯಾಕೆ ತಮ್ಮ ತುಳಸಿಗೆ ದೀಪ ಇಡುತ್ತಿದ್ದರು. ಬದನೆ ತೊಟ್ಟಿನಿಂದ ಉಪಕಾರವಾಯಿತು, ದೋಸೆ ಎದ್ದಿತು ಎಂದೆ. ಸಂತೋಷ ಎಂದರು. ದೀಪಕ್ಕೆ ಅಂಗೈ ಮರೆ ಮಾಡಿಕೊಂಡು, ನನ್ನ ಕಡೆ ನೋಡದೆ, ರಸ್ತೆಯ ಕಡೆ ಕಣ್ಣು ಹಾಯಿಸಿ ಕೇಳಿದರು:

"ನಿಮ್ಮ ಯಜಮಾನ್ರು ಊರಲ್ಲಿಲ್ವಾ? ರಿಟೈರ್ ಆದ್ಮೇಲೂ ದಿನಾ ಸಾಯಂಕಾಲ ಅವ್ರ ಫ್ಯಾಕ್ಟ್ರಿ ಬಸ್ ಹೋಗೋವರ್ಗೂ ಗೇಟ್ ಹಿಡ್ಕೊಂಡು ನಿಂತಿರ್ತಾರಲ್ಲ, ನೀವು ಒಳಗಿರ್ತೀರಿ, ನಾನು ನೋಡ್ತಿರ್ತೀನಿ. ಇವತ್ತು ಬಸ್ಸೇನೋ ಆಗ್ಲೇ ಹೋಯ್ತು ಕಣ್ರೀ."